ಗೊಬ್ಬರ ಉಂಡ ಹುಲ್ಲು, ದನದ ಹೊಟ್ಟೆಯ ಹಿಶೇಬ

ಹಸರು ಮೇವು ಎಷ್ಟು ದಟ್ಟ ಇದ್ದರ ಅಷ್ಟು ಚಲೋ ಅಂತ ನಮ್ಮ ಜತ್ತ ಭಾಗದ ರೈತರ ನಂಬಿಕೆ. ಬರಗಾಲದ ಸೀಮಿಯವರಿಗೆ ಇದು ಸಹಜ. 1972ರ ದುಷ್ಕಾಳದಾಗ ಕಣಕಿ ಸಿಗದೆ ಮನಿ ಎತ್ತುಗಳನ್ನು ಮಾರಿ ಅತ್ತವರನ್ನು ಹುಡುಗನಿದ್ದಾಗ ಕಂಡೇನಿ. ಈಗ ಕೆಲವು ಊರಿಗೆ ನೀರು ಬಂದೈತಿ. ಬದುವಿಗೆ ನೇಪಿಯರ್ ಹುಲ್ಲು, ಹೊಲಕ್ಕೆ ಮೇವಿನ ಗೋವಿನಜೋಳ, ಅದಕ್ಕೆ ಚೀಲಗಟ್ಟಲೆ ಯೂರಿಯಾ. ಆದರೆ ಆ ಗೊಬ್ಬರ ಉಂಡ ಹುಲ್ಲು ದನದ ಹೊಟ್ಟೆಯೊಳಗೆ ಏನು ಮಾಡುತ್ತದೆ? ಡೊಳ್ಳಿನ ಪದದಾಗ ಸವಾಲು ಹಾಕಿದರೆ ಎದುರಿನ ಮೇಳದವರು ಅಲ್ಲೇ ಜವಾಬು ಕೊಡಬೇಕು. ಈ ಸವಾಲಿನ ಜವಾಬಿಗೆ ಜಗತ್ತಿಗೆ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಮೊದಲು ಹೊಟ್ಟೆಯ ಮಾತು ತಿಳಿಯೋಣ. ಮೆಲುಕು ಹಾಕುವ ಆಕಳು, ಎಮ್ಮಿ, ಕುರಿ, ಆಡು ಹುಲ್ಲಿನ ನಾರನ್ನು ತಾವೇ ಕರಗಿಸುವುದಿಲ್ಲ. ಅವುಗಳ ದೊಡ್ಡ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳಿವೆ. ಆ ದುಡಿಮೆ ಅವುಗಳದು. ಆ ಆಳುಗಳಿಗೂ ಕೂಲಿ ಬೇಕು: ಸಾರಜನಕ, ಗಂಧಕ, ಸಕ್ಕರಿ ಅಂಶ.

1856ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಜಾನ್ ಲಾಸ್ ಮತ್ತು ಜೋಸೆಫ್ ಗಿಲ್ಬರ್ಟ್ ಎಂಬುವರು ಹಳೆಯ ಹುಲ್ಲುಗಾವಲೊಂದನ್ನು ತುಂಡು ತುಂಡು ಮಾಡಿ ಬೇರೆ ಬೇರೆ ಗೊಬ್ಬರ ಹಾಕಿದರು. ಆ ಪ್ರಯೋಗ ಇಂದಿಗೂ ನಡದೈತಿ. ಸಾರಜನಕ ಬಿದ್ದಲ್ಲಿ ಹುಲ್ಲು ಸೊಕ್ಕಿ ಬೆಳೆಯಿತು, ದ್ವಿದಳ ಸಸಿಗಳು ಮಾಯವಾದವು. ರಂಜಕ, ಪೊಟ್ಯಾಷ್ ಮಾತ್ರ ಹಾಕಿದಲ್ಲಿ ದ್ವಿದಳ ಹೆಚ್ಚಿದವು. ಅಂದರೆ ಗೊಬ್ಬರ ದನದ ಊಟವನ್ನೇ ಬದಲಿಸುತ್ತದೆ.

1913ರಲ್ಲಿ ಜರ್ಮನಿಯ ಒಪ್ಪಾವು ಎಂಬಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ಕಾರಖಾನೆ ಸುರುವಾಯಿತು. ನಮ್ಮ ದೇಶದ ಸಿಂದ್ರಿ ಕಾರಖಾನೆ 1951ರಲ್ಲಿ ಗೊಬ್ಬರ ಮಾಡತೊಡಗಿತು. ಗೊಬ್ಬರ ಅಗ್ಗವಾದಂತೆ ಸವಾಲು ದೊಡ್ಡದಾಯಿತು.

1963ರಲ್ಲಿ ಇಂಗ್ಲೆಂಡಿನ ಹರ್ಲಿಯಲ್ಲಿ ಟಿಲ್ಲಿ ಮತ್ತು ಟೆರ್ರಿ ಒಂದು ಪರೀಕ್ಷೆ ಕಂಡುಹಿಡಿದರು. ಹುಲ್ಲಿನ ಪುಡಿಯನ್ನು ಕುರಿಯ ಹೊಟ್ಟೆಯ ರಸದಲ್ಲಿ 48 ತಾಸು, ಆಮೇಲೆ ಹುಳಿ ಬೆರೆತ ಪೆಪ್ಸಿನ್‌ನಲ್ಲಿ 48 ತಾಸು ಇಟ್ಟು ಎಷ್ಟು ಕರಗಿತೆಂದು ತೂಗುವುದು. ಇಂಥ ಪರೀಕ್ಷೆಗಳಿಂದ ತಿಳಿದದ್ದಿಷ್ಟು: ಒಂದೇ ವಯಸ್ಸಿನ ಹುಲ್ಲಿಗೆ ಸಾರಜನಕ ಹಾಕಿದರೆ ಪ್ರೋಟೀನು ಏರುತ್ತದೆ, ಸಕ್ಕರಿ ಇಳಿಯುತ್ತದೆ, ಆದರೆ ಪಚನವಾಗುವ ಪಾಲು ಹೆಚ್ಚು ಬದಲಾಗುವುದಿಲ್ಲ. ಅದನ್ನು ಬದಲಿಸುವುದು ಕೊಯ್ಯುವ ಹೊತ್ತು. ಅಲ್ಲಿಯ ಹುಲ್ಲು ತೆನಿ ಹೊರಟ ಮೇಲೆ ನೂರರಲ್ಲಿ ಸುಮಾರು ಅರ್ಧ ಪಾಲಿನಂತೆ ದಿನಾ ಪಚನಗುಣ ಕಳಕೊಳ್ಳುತ್ತದೆ.

ಹಂಗಾರ ಗೊಬ್ಬರ ದಂಡವೇ? ಅಲ್ಲ. ಹುಲ್ಲಿನಲ್ಲಿ ಪ್ರೋಟೀನು ನೂರಕ್ಕೆ ಸುಮಾರು 7ಕ್ಕಿಂತ ಕಡಿಮೆ ಇದ್ದರೆ ಹೊಟ್ಟೆಯ ಆಳುಗಳು ಉಪವಾಸ ಬೀಳುತ್ತವೆ, ದನ ಮೇಯುವುದೇ ಕಡಿಮೆ. ಅಲ್ಲಿ ಸಾರಜನಕ ಉಪಕಾರಿ. 1970ರ ದಶಕದಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಗಂಧಕ ಕಡಿಮೆಯಿದ್ದ ಪಂಗೋಲಾ ಹುಲ್ಲಿಗೆ ಗಂಧಕದ ಗೊಬ್ಬರ ಹಾಕಿದಾಗ ಕುರಿಗಳು ಹೆಚ್ಚು ತಿಂದವು, ಹೆಚ್ಚು ಪಚನ ಮಾಡಿದವು. ಕೊರತೆ ಇದ್ದಲ್ಲಿ ಕೊಟ್ಟದ್ದು ಮೈಗೆ ಹತ್ತುತ್ತದೆ.

ಅತಿಯಾದರೆ ಕೆಡುಕು. 1895ರಲ್ಲೇ ಅಮೇರಿಕದ ಕನ್ಸಾಸ್‌ನಲ್ಲಿ ಗೋವಿನಜೋಳದ ದಂಟು ತಿಂದು ಸತ್ತ ದನಗಳ ವರದಿ ಬಂದಿತ್ತು. ಕಾರಣ ದಂಟಿನೊಳಗಿನ ನೈಟ್ರೇಟ್. ಹೊಟ್ಟೆಯ ಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಅದು ರಕ್ತಕ್ಕೆ ಸೇರಿದರೆ ರಕ್ತ ಉಸಿರು ಹೊರಲಾರದೆ ಕಂದುಬಣ್ಣಕ್ಕೆ ತಿರುಗುತ್ತದೆ. ನಮ್ಮ ಓಣಿಯ ಒಬ್ಬ ತಾಯಿಯ ಒಂದೇ ಒಂದು ಹಾಲಿನ ಎಮ್ಮಿ ಹೀಗೇ ಸಂಜೀಕ ಮೇಯ್ದು ರಾತ್ರಿ ಹೋತು. ಮಾಟ ಮಾಡಿಸ್ಯಾರ ಅಂದರು ಮಂದಿ. ಅದರ ರಕ್ತ ಕಂದು ಇತ್ತು.

ಅದಕ್ಕ ಹೇಳತೀನಿ. ಯೂರಿಯಾ ಹಾಕಿ ಮೂರು ವಾರ ತಡೀರಿ. ಬಾಡಿದ ಬೆಳಿಗೆ ಮಳಿ ಬಿದ್ದ ಕೂಡಲೇ ಕೊಯ್ಯಬ್ಯಾಡ್ರಿ. ದಂಟಿನ ಬುಡದಲ್ಲೇ ನೈಟ್ರೇಟ್ ಹೆಚ್ಚು, ಬುಡ ಬಿಟ್ಟು ಮೇಲೆ ಕೊಯ್ಯಿರಿ. ಎಳೆ ಜೋಳದ ವಿಷ ಬೇರೆ. ಅದು ಒಣಗಿಸಿದರೆ ಇಳಿಯುತ್ತದೆ, ನೈಟ್ರೇಟ್ ಒಣಗಿಸಿದರೂ ಇಳಿಯಂಗಿಲ್ಲ. ಹೊಸ ಹಸರನ್ನು ಒಣ ಕಣಕಿ ಕೂಡಿಸಿ ಸ್ವಲ್ಪ ಸ್ವಲ್ಪ ಹಾಕ್ರಿ. ದನ ಏದುಸಿರು ಬಿಟ್ಟು ತೂರಾಡಿದರೆ ಮೇವು ತೆಗೆದು ತಕ್ಷಣ ದನದ ಡಾಕ್ಟರರನ್ನು ಕರೀರಿ. ಹೊತ್ತಿಗೆ ಸರಿಯಾಗಿ ಬಂದರೆ ಇದಕ್ಕೆ ಔಷಧ ಐತಿ. ಮಾಸ್ತರರು ಇದನ್ನು ಸಾಲಿ ಮಕ್ಕಳಿಗೂ ಹೇಳಬೇಕು. ಸಂಜೀಕ ಮನಿ ದನಕ್ಕ ಮೇವು ಹಾಕುವರು ಅವರೇ.