ಸದ್ದಿಗೊಂದು ಕೋಣೆ

ನಮ್ಮಂಥ ಊರುಗಳ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟುವಾಗ ಕಾರಿಗೆಂದು ಶೆಡ್ಡು ಬಿಡುವುದು ವಾಡಿಕೆ. ಕಾರು ಬಂದ ಮೇಲೆ ಅದು ಬೀದಿಯಲ್ಲಿ ನಿಲ್ಲುತ್ತದೆ. ಶೆಡ್ಡಿಗೆ ಮುರುಕು ಮಂಚ, ತೆಂಗಿನಕಾಯಿ ಚೀಲ, ಕೊನೆಗೆ ಮಗನ ಡ್ರಮ್ಮು ಸೇರುತ್ತವೆ. ಡ್ರಮ್ಮಿನ ಹಿಂದೆ ಗಿಟಾರು ಹೊತ್ತ ಇಬ್ಬರು ಗೆಳೆಯರು, ಅವರ ಹಿಂದೆಯೇ ಪಕ್ಕದ ಮನೆಯವರ ದೂರು. ದೂರು ಬರುವುದು ಮಗನಿಗಲ್ಲ, ತಾಯಿಗೆ. ಆಗ ಯಾರೋ ಒಬ್ಬರು ಉಪಾಯ ಹೇಳುತ್ತಾರೆ: ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ, ಸದ್ದು ಹೊರಗೆ ಹೋಗುವುದಿಲ್ಲ, ಖರ್ಚೂ ಇಲ್ಲ. ಮೊಟ್ಟೆಯನ್ನು ಮನೆಯೊಳಗೆ ತರದವರೂ ಅಂಗಡಿಗೆ ಹೋಗಿ ಖಾಲಿ ಟ್ರೇ ಕೇಳಿ ತಂದದ್ದುಂಟು.

ಸದ್ದಿಗೆ ಗೋಡೆ ಹಾಕುವ ಈ ಸಾಹಸ ಹೊಸತೇನಲ್ಲ. ಅದರ ಭಾರ ಮನೆಯ ಹೆಂಗಸಿನ ತಲೆಗೆ ಬರುವುದೂ ಹೊಸತಲ್ಲ. ಲಂಡನ್ನಿನ ಚೆಲ್ಸಿಯಲ್ಲಿ, ಚೇನ್ ರೋ ಎಂಬ ಬೀದಿಯಲ್ಲಿ, 1834ರಿಂದ ಥಾಮಸ್ ಕಾರ್ಲೈಲ್ ವಾಸವಾಗಿದ್ದ. ಫ್ರೆಂಚ್ ಕ್ರಾಂತಿಯ ಚರಿತ್ರೆ ಬರೆದ ದೊಡ್ಡ ಲೇಖಕ. ಕ್ರಾಂತಿಯ ಗದ್ದಲವನ್ನು ಸಂಪುಟಗಟ್ಟಲೆ ಬರೆದ ಈ ಮಹಾಶಯನಿಗೆ ನೆರೆಮನೆಯ ಹುಂಜದ ಕೂಗು ಮಾತ್ರ ಆಗದು. ಪಕ್ಕದ ಮನೆಯ ಪಿಯಾನೋ ಆಗದು, ಬೀದಿಯ ವಾದ್ಯಗಾರರು ಆಗದು. ಪ್ರಷ್ಯಾದ ಫ್ರೆಡರಿಕ್ ದೊರೆಯ ಚರಿತ್ರೆ ಬರೆಯಲು ಕೂತಾಗ ತಾಳ್ಮೆ ಪೂರ್ತಿ ಹೋಯಿತು. 1853ರಲ್ಲಿ ಮನೆಯ ಮಾಡಿನ ಮೇಲೆ ಸದ್ದು ನುಸುಳದ ಒಂದು ಕೋಣೆ ಕಟ್ಟಿಸಲು ಹೊರಟ. ಎರಡು ಪದರದ ಗೋಡೆ, ಬೀದಿಯ ಕಡೆಗೆ ಕಿಟಕಿಯಿಲ್ಲ, ಬೆಳಕಿಗೆ ತಲೆಯ ಮೇಲೆ ಗಾಜಿನ ಮಾಡು. ಅಂದಾಜು ವೆಚ್ಚ ಸುಮಾರು 170 ಪೌಂಡು. ಆ ಮನೆಯ ವರ್ಷದ ಬಾಡಿಗೆ 35 ಪೌಂಡು ಎಂದರೆ ಲೆಕ್ಕ ನೀವೇ ಹಾಕಿಕೊಳ್ಳಿ.

ಕೆಲಸ ಶುರುವಾಯಿತು. ಗಂಡ ಗದ್ದಲ ತಾಳಲಾರದೆ ಊರ ಹೊರಗಿನ ಸ್ನೇಹಿತರ ಮನೆ ಸೇರಿದ; ಗಾರೆಯವರು, ಬಡಗಿಗಳ ನಡುವೆ ನಿಂತವಳು ಹೆಂಡತಿ ಜೇನ್. ತಲೆನೋವು, ನಿದ್ರೆಗೇಡುಗಳಿಂದ ನರಳುತ್ತಿದ್ದ ಹೆಂಗಸು. ಒಮ್ಮೆ ಮೇಲೆ ಕೆಲಸ ಮಾಡುತ್ತಿದ್ದವನ ಕಾಲು ಜಾರಿ, ಚಾವಣಿ ಕಿತ್ತು, ಆಕೆಯ ಪಕ್ಕದಲ್ಲೇ ಬಂದು ಬಿತ್ತು. ಇದನ್ನೆಲ್ಲ ಆಕೆ ಕಾಗದಗಳಲ್ಲಿ ನಗುನಗುತ್ತಲೇ ಬರೆದಿದ್ದಾಳೆ. ಜೇನ್ ಪುಸ್ತಕ ಬರೆಯಲಿಲ್ಲ. ಆದರೆ ಆ ಕಾಗದಗಳನ್ನು ಓದಿದರೆ ಆ ಮನೆಯಲ್ಲಿ ಇದ್ದ ಬರಹಗಾರರು ಇಬ್ಬರು ಎಂದೇ ನನಗನ್ನಿಸುತ್ತದೆ.

ಕೋಣೆ ಸಿದ್ಧವಾಯಿತು. ಹತ್ತಿರದ ಸದ್ದು ತಗ್ಗಿತು, ನಿಜ. ಆದರೆ ಅದುವರೆಗೆ ಕೇಳದಿದ್ದ ದೂರದ ಸದ್ದುಗಳೆಲ್ಲ ಒಂದೊಂದಾಗಿ ಬಂದವು: ನದಿಯ ಹಡಗಿನ ಕೂಗು, ರೈಲಿನ ಸಿಳ್ಳೆ, ಚರ್ಚಿನ ಗಂಟೆ. ಗೋಡೆ ಎರಡು ಪದರದ್ದಾದರೇನು, ತಲೆಯ ಮೇಲೆ ಗಾಜು ಇತ್ತಲ್ಲ! ಗೊಣಗುತ್ತಲೇ ಅಲ್ಲಿ ಕೂತು 1865ರ ಹೊತ್ತಿಗೆ ಆತ ಫ್ರೆಡರಿಕ್ಕನ ಚರಿತ್ರೆ ಮುಗಿಸಿದ. ಅತ್ತ ಹುಂಜಗಳ ಸಮಸ್ಯೆ ಬಗೆಹರಿದದ್ದು ಬೇರೆ ದಾರಿಯಲ್ಲಿ. 1853ರ ಕೊನೆಗೆ ಜೇನ್ ತಾನೇ ನೆರೆಯವನ ಜೊತೆ ಮಾತಾಡಿ, 5 ಪೌಂಡು ಕೊಟ್ಟು, ಇನ್ನು ಮುಂದೆ ಕೋಳಿಯನ್ನಾಗಲಿ ಮಕಾವ್ ಗಿಣಿಯನ್ನಾಗಲಿ ಸಾಕುವುದಿಲ್ಲವೆಂದು ಕರಾರು ಬರೆಸಿಕೊಂಡಳು. 170 ಎಲ್ಲಿ, 5 ಎಲ್ಲಿ.

ಮೊಟ್ಟೆ ಟ್ರೇಗೆ ಉತ್ತರ ಕೊಟ್ಟವನು ಅಮೆರಿಕದ ಒಬ್ಬ ಮೇಷ್ಟ್ರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಮಾತಾಡಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಪದ ಅಡಗಲು ಐದೂವರೆ ಸೆಕೆಂಡು ಬೇಕಾಗಿ, ಅಷ್ಟರಲ್ಲಿ ಹತ್ತು ಪದ ಮೇಲೆ ಬಂದು ಕೂಡುತ್ತಿದ್ದವು. ಭೌತಶಾಸ್ತ್ರದ ವ್ಯಾಲೇಸ್ ಸೇಬಿನ್ ರಾತ್ರಿಯೆಲ್ಲ ಎದ್ದು, ಪಕ್ಕದ ರಂಗಮಂದಿರದ ಕುರ್ಚಿಮೆತ್ತೆಗಳನ್ನು ಹೊರಿಸಿ ತಂದು ಹಾಸಿ, ಆರ್ಗನ್ನಿನ ಒಂದು ಕೊಳವೆ ಊದಿಸಿ ಸಮಯ ಅಳೆದ. ಮೆತ್ತೆ ತುಂಬಿದಷ್ಟೂ ಪ್ರತಿಧ್ವನಿ ಬೇಗ ಅಡಗಿತು. ಆದರೆ ಮೆತ್ತನೆಯ ವಸ್ತು ನುಂಗುವುದು ಕೋಣೆಯೊಳಗೆ ಮರಳಿ ಬರುವ ದನಿಯನ್ನು. ಗೋಡೆ ದಾಟುವ ಸದ್ದನ್ನು ತಡೆಯಲು ಭಾರ ಬೇಕು, ಸಂದಿಲ್ಲದ ಮುಚ್ಚು ಬೇಕು. ಮೊಟ್ಟೆ ಟ್ರೇಗೆ ಭಾರವೂ ಇಲ್ಲ, ಮೆತ್ತೆಯಷ್ಟು ದಪ್ಪವೂ ಇಲ್ಲ. ಬೆಂಕಿ ತಗುಲಿದರೆ ಮಾತ್ರ ಚೆನ್ನಾಗಿ ಉರಿಯುತ್ತದೆ.

ಹಾಗೆಂದು ಶೆಡ್ಡನ್ನು ಹಗುರವಾಗಿ ಕಾಣುವಂತಿಲ್ಲ. 1959ರಲ್ಲಿ ಡೆಟ್ರಾಯ್ಟಿನ ಬೆರ್ರಿ ಗಾರ್ಡಿ ಎಂಬ ಕಪ್ಪು ತರುಣ ಮನೆಮಂದಿಯ ಉಳಿತಾಯ ನಿಧಿಯಿಂದ 800 ಡಾಲರ್ ಸಾಲ ಪಡೆದು ಮೋಟೌನ್ ಸಂಗೀತ ಸಂಸ್ಥೆ ಕಟ್ಟಿದ. ಸಾಲ ಕೊಡುವಾಗ ಖಾರವಾಗಿ ಪ್ರಶ್ನೆ ಕೇಳಿದವಳು ಅಕ್ಕ ಎಸ್ತರ್. ಒಂದು ಸಾಧಾರಣ ಮನೆ ಕೊಂಡು, ಅದರ ಹಿಂದಿನ ಗ್ಯಾರೇಜನ್ನೇ ಧ್ವನಿಮುದ್ರಣದ ಕೋಣೆ ಮಾಡಿದರು. ದನಿಗೆ ಮಾರ್ದನಿ ಬೇಕಾದಾಗ ಬಚ್ಚಲುಮನೆಯನ್ನು ಬಳಸುತ್ತಿದ್ದರಂತೆ. ಹಾಡುವಾಗ ಯಾರೂ ಒಳಗೆ ಹೋಗಿ ನೀರು ಬಿಡದಂತೆ ಬಾಗಿಲಲ್ಲಿ ಕಾವಲು. ಸುಪ್ರೀಮ್ಸ್ ಹುಡುಗಿಯರು ಜಗತ್ತಿಗೆ ಕೇಳಿಸಿದ್ದು ಅಲ್ಲಿಂದ. ನೆರೆಯವರ ಮಾತಿಗೆ ಬಂದರೆ, ಕೆಲವೇ ವರ್ಷಗಳಲ್ಲಿ ಅದೇ ಬೀದಿಯ ಇನ್ನೂ ಹಲವು ಮನೆಗಳನ್ನು ಸಂಸ್ಥೆಯೇ ಕೊಂಡಿತು! 1972ರಲ್ಲಿ ಸಂಸ್ಥೆ ಲಾಸ್ ಏಂಜಲೀಸಿಗೆ ಹೋಯಿತು; ಆ ಮನೆಯನ್ನು ಉಳಿಸಿ 1985ರಲ್ಲಿ ವಸ್ತುಸಂಗ್ರಹಾಲಯ ಮಾಡಿದವಳು ಅದೇ ಅಕ್ಕ.

ನಮಗೆ ಪಕ್ಕದ ಮನೆ ಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ಮೊದಲ ದುಡ್ಡು ಶೆಡ್ಡಿನ ರೋಲಿಂಗ್ ಶಟರಿಗೆ ಹೋಗಬೇಕು. ತೆಳು ತಗಡು, ಸುತ್ತ ಸಂದು. ಗೋಡೆಯ ನೂರನೆಯ ಒಂದು ಭಾಗ ತೆರೆದಿದ್ದರೂ ಸದ್ದು 20 ಡೆಸಿಬಲ್‌ಗಿಂತ ಹೆಚ್ಚು ತಗ್ಗುವುದಿಲ್ಲ. ಅದರ ಹಿಂದೆ ಇಟ್ಟಿಗೆ ಗೋಡೆ ಎಬ್ಬಿಸಿ ಎರಡೂ ಕಡೆ ಗಾರೆ ಬಳಿದು, ಒಂದು ಭಾರದ ಬಾಗಿಲಿಟ್ಟು, ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ ಹೊಡೆಸಿ. ಡ್ರಮ್ಮಿನ ಗುದ್ದು ನೆಲದಲ್ಲಿ ಹರಿಯದಂತೆ ಅಡಿಗೆ ದಪ್ಪ ರಬ್ಬರ್, ಅದರ ಮೇಲೆ ಹಲಗೆ. ಮಾಡು ಶೀಟಿನದ್ದಾದರೆ ಈ ಖರ್ಚೆಲ್ಲ ವ್ಯರ್ಥ, ಕಾರ್ಲೈಲನ ಗಾಜನ್ನು ನೆನೆಯಿರಿ. ಗಾಳಿಗೆ ದಾರಿ ಇಡಲೇಬೇಕು, ಆದರೆ ನೇರ ಕಿಂಡಿಯಾಗಿ ಅಲ್ಲ, ಒಳಗೆ ಮೆತ್ತೆ ಹಚ್ಚಿದ ಅಂಕುಡೊಂಕಿನ ಕೊಳವೆಯಾಗಿ. ಹಳೆಯ ಹಾಸಿಗೆ, ಕೌದಿಗಳನ್ನು ಒಳಗೆ ತೂಗುಹಾಕಿ. ಒಬ್ಬರ ವಾದ್ಯ ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳಿದರೆ ಹುಡುಗರು ತಾವಾಗಿಯೇ ಸ್ವಲ್ಪ ಮೆಲ್ಲಗೆ ನುಡಿಸುತ್ತಾರೆ.

2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸದ ಬಡಾವಣೆಗೆ ಹಗಲು 55, ರಾತ್ರಿ 45 ಡೆಸಿಬಲ್ ಎನ್ನುತ್ತವೆ. ರಾತ್ರಿಯೆಂದರೆ 10ರಿಂದ ಬೆಳಗಿನ 6. ಡ್ರಮ್ಮು ಸುಲಭವಾಗಿ 100 ದಾಟುತ್ತದೆ. ಒಂಬತ್ತಂಗುಲದ ಇಟ್ಟಿಗೆ ಗೋಡೆ ಅದರಲ್ಲಿ 50ರಷ್ಟನ್ನು ಕಳೆದೀತು, ಬಾಗಿಲು 30 ಕಳೆದರೆ ಹೆಚ್ಚು. ಉಳಿದದ್ದನ್ನು ಮಾತಿನಲ್ಲೇ ಕಳೆಯಬೇಕು: ಸಂಜೆ ಐದರಿಂದ ಆರೂವರೆ, ಭಾನುವಾರ ಮಧ್ಯಾಹ್ನ ಇಲ್ಲ, ಪಕ್ಕದ ಮನೆಯ ಹುಡುಗಿಗೆ ಪರೀಕ್ಷೆ ಇದ್ದ ತಿಂಗಳು ಪೂರ್ತಿ ರಜೆ. ಜೇನ್ ಮಾಡಿದಂತೆ ಒಂದು ಹಾಳೆಯಲ್ಲಿ ಬರೆದೇ ಕೊಡಬಹುದು. ಆದರೆ ಆ ಹಾಳೆ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟುವವನು ಡ್ರಮ್ಮು ಬಾರಿಸುವ ಮಗನೇ ಆಗಿರಲಿ.