ಅರಗಿನ ಕಾಲದಿಂದ ಆಟೋಮ್ಯಾಟಿಕ್ ಕಾಲಕ್ಕೆ

ಗೇರ್‌ಬಾಕ್ಸ್ ಮುಚ್ಚುವ ಮೊದಲು ಪ್ಯಾಕಿಂಗಿಗೆ, ಅಂದರೆ ಗ್ಯಾಸ್ಕೆಟ್ಟಿಗೆ, ಶೆಲಾಕ್ ಸವರುವುದು ನಮ್ಮ ಹಳೆಯ ಗ್ಯಾರೇಜುಗಳ ವಾಡಿಕೆ. ಶೆಲಾಕ್ ಎಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆಮರದ ಬೊಂಬೆಗೆ ಬಣ್ಣ ಕೂರಿಸುವುದೂ ಅರಗಿನಿಂದಲೇ: ಗಿರ್ರನೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅದು ಕರಗಿ ಹರಡುತ್ತದೆ. ಬೊಂಬೆಗೆ ಹೊಳಪು ಕೊಟ್ಟ ವಸ್ತುವೇ ಲೋಹದ ಸಂದಿನಲ್ಲಿ ಎಣ್ಣೆಯನ್ನು ತಡೆಯಿತು.

ಚನ್ನಪಟ್ಟಣವಿರುವ ಮೈಸೂರು ರಸ್ತೆಯಲ್ಲೇ ಇರುವ ಬಿಡದಿಗೆ 1997ರಲ್ಲಿ ಕಾರು ತಯಾರಿಸುವ ಟೊಯೋಟಾ ಕಿರ್ಲೋಸ್ಕರ್ ಬಂತು. 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ತಯಾರಿಕೆ ಶುರುವಾಯಿತು. 2002ರಲ್ಲಿ ಹುಟ್ಟಿದ ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್, 2004ರಿಂದ ಮ್ಯಾನ್ಯುಯಲ್ ಗೇರ್‌ಬಾಕ್ಸ್ ತಯಾರಿಸಿ ಹೊರದೇಶಗಳಿಗೂ ಕಳಿಸತೊಡಗಿತು. ರೇಷ್ಮೆ, ಬೊಂಬೆಗಳಿಗೆ ಹೆಸರಾದ ಸೀಮೆಗೆ ಇದು ಸಣ್ಣ ಸಂಗತಿಯಲ್ಲ.

ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಆಯಿಲ್ ಬದಲಿಸುವುದು ಸುಲಭ. ಡ್ರೇನ್ ಪ್ಲಗ್ ಬಿಚ್ಚಿ, ಹಳೆಯದನ್ನು ಇಳಿಸಿ, ಹೊಸ ವಾಷರ್ ಹಾಕಿ ಬಿಗಿದರೆ ಸೋರಿಕೆಯ ಭಯವಿಲ್ಲ. ಆಟೋಮ್ಯಾಟಿಕ್‌ನ ದಾರಿ ಬೇರೆ. ಅಮೆರಿಕದಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನೊಂದಿಗೆ ಹೈಡ್ರಾಮ್ಯಾಟಿಕ್ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂತು. ಬಿಡದಿಯ ಇನ್ನೋವಾ ಸಾಲಿನಲ್ಲಿ 2016ರ ಕ್ರಿಸ್ಟಾ ಆರು ಗೇರಿನ ಆಟೋಮ್ಯಾಟಿಕ್ ತಂದಿತು. ಸಾಮಾನ್ಯವಾಗಿ ಇಂಥ ಗೇರ್‌ಬಾಕ್ಸಿನ ತಳದಲ್ಲಿ ಅಗಲವಾದ ತಗಡಿನ ಪ್ಯಾನ್ ಇರುತ್ತದೆ, ಸುತ್ತಲೂ ಸಣ್ಣ ಸಣ್ಣ ಬೋಲ್ಟುಗಳು. ಫಿಲ್ಟರ್ ಬದಲಿಸಬೇಕೆಂದರೆ ಪ್ಯಾನ್ ಇಳಿಸಲೇಬೇಕು.

ಹಳೆಯ ಕೈರೂಢಿ ಕೈಕೊಡುವುದು ಇಲ್ಲಿ. ಎಣ್ಣೆ ಜಿನುಗಿದರೆ ಇನ್ನಷ್ಟು ಬಿಗಿಯಬೇಕೆಂದು ಕೈ ತವಕಿಸುತ್ತದೆ. ಹಾಗೆ ಬಿಗಿದಾಗ ಬೋಲ್ಟಿನ ತೂತಿನ ಸುತ್ತ ತಗಡು ತಗ್ಗುತ್ತದೆ, ಎರಡು ಬೋಲ್ಟುಗಳ ನಡುವೆ ಗ್ಯಾಸ್ಕೆಟ್ ಮೇಲಿನ ಒತ್ತಡ ಸಡಿಲುತ್ತದೆ, ಎಣ್ಣೆ ಅಲ್ಲಿಂದಲೇ ದಾರಿ ಹುಡುಕುತ್ತದೆ. ಕಾರ್ಕ್ ಗ್ಯಾಸ್ಕೆಟ್ ಆದರೆ ಬಿರಿದೇಬಿಡುತ್ತದೆ. ರಬ್ಬರ್ ಗ್ಯಾಸ್ಕೆಟ್ಟಿಗೆ ಶೆಲಾಕ್ ಅಥವಾ ಸಿಲಿಕೋನ್ ಬಳಿದರೆ ಗ್ಯಾಸ್ಕೆಟ್ಟೇ ಜಾರಿ ಹೊರಗೆ ಇಣುಕುತ್ತದೆ. ಒಳಕ್ಕೆ ಉಬ್ಬಿದ ಸಿಲಿಕೋನ್ ಚೂರಾಗಿ ಫಿಲ್ಟರಿಗೆ ಅಡ್ಡ ಬಂದರೆ ಗೇರ್‌ಬಾಕ್ಸೇ ಹಾಳು. ಗ್ಯಾಸ್ಕೆಟ್ ಇಲ್ಲದೆ ಬರೀ ಸಿಲಿಕೋನಿನಲ್ಲೇ ಕೂರುವ ಪ್ಯಾನುಗಳೂ ಇವೆ. ಯಾವುದಕ್ಕೆ ಯಾವುದೆಂಬುದನ್ನು ಕಂಪನಿಯ ಕೈಪಿಡಿ ಹೇಳುತ್ತದೆ.

ಸರಿಯಾದ ಕೆಲಸಕ್ಕೆ ತಾಳ್ಮೆ ಬೇಕು. ಅಲ್ಯೂಮಿನಿಯಂ ಮೈಗೆ ಗೀರು ಬೀಳದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಹಳೆಯ ಗ್ಯಾಸ್ಕೆಟ್ ಕೆರೆಯಬೇಕು, ಎಣ್ಣೆಪಸೆ ಒರೆಸಬೇಕು. ಪ್ಯಾನಿನ ಅಂಚಿಗೆ ಉಕ್ಕಿನ ಪಟ್ಟಿ ಹಿಡಿದು ನೋಡಿ, ತಗ್ಗಿದ ಕಡೆ ಮೆಲ್ಲಗೆ ತಟ್ಟಿ ಮಟ್ಟ ಮಾಡಬೇಕು. ಬೋಲ್ಟುಗಳನ್ನೆಲ್ಲ ಮೊದಲು ಬೆರಳಿನಲ್ಲೇ ಹತ್ತಿಸಿ, ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಬೇಕು.

ಇಷ್ಟಾದ ಮೇಲೂ ಹನಿ ಕಂಡರೆ ಮತ್ತೆ ಪ್ಯಾನ್ ಬಿಚ್ಚುವ ಅವಸರ ಬೇಡ. ಆಯಿಲ್ ಹೆಚ್ಚಾದರೆ ನೊರೆಯೆದ್ದು ಗಾಳಿಕಿಂಡಿಯಿಂದ ಹೊರಬರಬಹುದು. ಕೂಲರ್ ಪೈಪಿನಿಂದಲೋ ಸೀಲಿನಿಂದಲೋ ಇಳಿದ ಎಣ್ಣೆ ಪ್ಯಾನಿನ ಅಂಚಿನಲ್ಲಿ ನಿಲ್ಲಲೂಬಹುದು. ಎಲ್ಲವನ್ನೂ ಒರೆಸಿ, ಗಾಡಿ ಓಡಿಸಿ, ಮೇಲಿನಿಂದ ಕೆಳಕ್ಕೆ ಹುಡುಕಿದರೆ ಸೋರಿಕೆಯ ಮೂಲ ಸಿಗುತ್ತದೆ.