ಅಕ್ಷರದ ಎರವಲು ಮತ್ತು ಅಚೌರ್ಯಾಣುವ್ರತ

ಕೊಡದುದನ್ನು ತೆಗೆದುಕೊಳ್ಳುವುದೇ ಕಳವು ಎಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಕದ್ದ ಮಾಲನ್ನು ಕೊಳ್ಳುವುದು, ನಕಲಿಯನ್ನು ಅಸಲಿಯೆಂದು ಮಾರುವ ಪ್ರತಿರೂಪಕ ವ್ಯವಹಾರ ಇವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಸೇರಿವೆ. ತಕ್ಕಡಿ, ಕೊಳಗಗಳ ಕಾಲದ ಈ ವಿವೇಚನೆ ಗಣಕಯಂತ್ರದ ತಂತ್ರಾಂಶಗಳಿಗೂ ಸಲ್ಲುತ್ತದೆ. ಮೂಲಸಂಕೇತವನ್ನು ತೆರೆದಿಡುವ ಮುಕ್ತ ತಂತ್ರಾಂಶ, ಅದನ್ನು ಮುಚ್ಚಿಟ್ಟು ಪರವಾನಗಿ ಮಾರುವ ಸ್ವಾಮ್ಯದ ತಂತ್ರಾಂಶ ಇವೆರಡೂ ಪರಸ್ಪರ ಎರವಲು ಪಡೆದೇ ಬೆಳೆದಿವೆ. ಕನ್ನಡ ಲಿಪಿಯೇ ಇದಕ್ಕೆ ಸಾಕ್ಷಿ.

ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಮೂಡಿಸುವ ವಿನ್ಯಾಸವನ್ನು ರೂಪಿಸಿದರು. ಅಲ್ಪಪ್ರಾಣದ ಕೀಲಿಯನ್ನು ಶಿಫ್ಟ್ ಸಹಿತ ಒತ್ತಿದರೆ ಮಹಾಪ್ರಾಣ. ಎಫ್ ಕೀಲಿಯಿಂದ ಒತ್ತಕ್ಷರ. ಇದರ ಮೇಲೆ ಅವರು ಸ್ವಾಮ್ಯ ಹೂಡಲಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಇದನ್ನು ಅಳವಡಿಸಿಕೊಂಡಿತು. 1998ರಲ್ಲಿ ಹೊರಬಂದ ಬರಹ ತಂತ್ರಾಂಶವೂ ಇದಕ್ಕೆ ಎಡೆಗೊಟ್ಟಿತು. ಮುಕ್ತವಾದ ಲಿನಕ್ಸ್‌ನಲ್ಲಿಯೂ ಇದು ದೊರೆಯುತ್ತದೆ. ಆದುದರಿಂದ ತುಮಕೂರಿನ ಮುದ್ರಣಾಲಯದಲ್ಲಿ ಕೈ ಪಳಗಿದವನು ಗುಬ್ಬಿಯಲ್ಲಾಗಲಿ, ಕುಣಿಗಲ್ಲಿನಲ್ಲಾಗಲಿ, ಬೇರೆ ತಂತ್ರಾಂಶದೆದುರು ಕುಳಿತರೂ ಪುನಃ ಓಂಕಾರದಿಂದ ಕಲಿಯಬೇಕಿಲ್ಲ.

ಒತ್ತಕ್ಷರಗಳ ಜೋಡಣೆಯ ಕಥೆ ಇನ್ನೂ ಬೋಧಪ್ರದವಾದುದು. 1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಡೋಬಿ ಸಂಸ್ಥೆಗಳು ಓಪನ್‌ಟೈಪ್ ಎಂಬ ಅಕ್ಷರವಿಧಾನವನ್ನು ಘೋಷಿಸಿದವು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಕನ್ನಡ ಅಕ್ಷರಶೈಲಿ ಬಂದಿತು. ಪ್ರಕಟವಾಗಿದ್ದ ನಿಯಮಗಳನ್ನು ಅನುಸರಿಸಿ ಮುಕ್ತ ಪಂಥದವರು ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ತಾವೇ ಬರೆದರು; ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳು ಅದನ್ನೇ ಆಶ್ರಯಿಸಿವೆ. ಕಾಲಕ್ರಮದಲ್ಲಿ ಅಡೋಬಿಯ ಫೋಟೋಶಾಪ್, ಇನ್‌ಡಿಸೈನ್‌ಗಳೂ ಹಾರ್ಫ್‌ಬಜ್ಜನ್ನು ಸ್ವೀಕರಿಸಿದವು. ಕೊಟ್ಟವರ ಮನೆಗೇ ಕೊಡುಗೆ ಬಡ್ಡಿಸಹಿತ ಮರಳಿತು!

ಇಲ್ಲಿ ಕಳವು ಎಲ್ಲಿಯೂ ನಡೆಯಲಿಲ್ಲ. ಪ್ರಕಟಿಸಿದ ನಿಯಮವೂ, ಅನುಮತಿಯೊಡನೆ ತೆರೆದಿಟ್ಟ ಸಂಕೇತವೂ 'ದತ್ತ'ವೇ. ಆದರೆ ಪರವಾನಗಿಯಿಲ್ಲದ ಪ್ರತಿಯನ್ನು ಅಂಗಡಿಯ ಗಣಕಕ್ಕೆ ತುಂಬಿಸಿಕೊಳ್ಳುವುದು ಅದತ್ತಾದಾನ. ಮುಕ್ತವೆಂದರೆ ನಿಬಂಧನೆಯಿಲ್ಲದ್ದೆಂದು ಬಗೆಯುವುದೂ ತಪ್ಪು. 1989ರಲ್ಲಿ ಪ್ರಕಟವಾದ ಜಿಪಿಎಲ್ ಪರವಾನಗಿಯು, ಪಡೆದುದನ್ನು ತಿದ್ದಿ ಹಂಚುವವನು ಮೂಲಸಂಕೇತವನ್ನೂ ಒದಗಿಸಬೇಕೆಂದು ವಿಧಿಸುತ್ತದೆ. ಅದನ್ನು ಮರೆಮಾಚಿ ಮಾರುವವನೂ ಅಷ್ಟೇ ದೋಷಿ.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ಶಾಸ್ತ್ರದಾನಕ್ಕಾಗಿ ಸಮಾಜವು ಇಂದಿಗೂ ಸ್ಮರಿಸುತ್ತದೆ. ಜ್ಞಾನವು ಕೊಟ್ಟಷ್ಟೂ ಬೆಳೆಯುತ್ತದೆ. ಆದರೆ ಕೊಡುವುದು ಒಡೆಯನ ಧರ್ಮ, ಕಸಿದುಕೊಳ್ಳುವುದು ಯಾರ ಹಕ್ಕೂ ಅಲ್ಲ. ಬೆಲೆ ತೆರಲಾಗದ ಸಣ್ಣ ವರ್ತಕನಿಗೂ ಪತ್ರ ಬರೆಯಲು, ಲೆಕ್ಕದ ಪಟ್ಟಿ ಮಾಡಲು ಲಿಬ್ರೆಆಫೀಸ್ ಬೆಲೆಯಿಲ್ಲದೆ ದೊರೆಯುತ್ತಿರುವಾಗ, ಕಳವಿನ ಪ್ರತಿಗೆ ಬಡತನವನ್ನು ನೆಪವಾಗಿ ಹೇಳುವಂತಿಲ್ಲ.